ಅಮ್ಮಿ, ಸ್ವಲ್ಪ ಆಡಿ ನೋಡಿ

ತೆರಕಣಾಂಬಿಯ ಒಂದು ಮನೆಯನ್ನು ಕಣ್ಮುಂದೆ ತಂದುಕೊಳ್ಳಿ. ತಂದೆಗೆ ತರಕಾರಿ ವ್ಯಾಪಾರ. ಚಾಚಾ ಕೇರಳಕ್ಕೆ ಲಾರಿ ಓಡಿಸುತ್ತಾರೆ. ಮಗ ಚಾಮರಾಜನಗರದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಕೆಲವು ತಿಂಗಳಿಂದ ರಾತ್ರಿ ಊಟ ಮುಗಿಸಿದವನೇ ಲ್ಯಾಪ್‌ಟಾಪ್ ಮುಂದೆ ಕೂರುತ್ತಾನೆ. ಒಂದು ಭಾನುವಾರ ಅದನ್ನು ಅಡುಗೆಮನೆಗೇ ತಂದು, "ಅಮ್ಮಿ, ಇದು ನಾನೇ ಮಾಡಿದ ಆಟ. ಇನ್ನೂ ಮುಗಿದಿಲ್ಲ. ಸ್ವಲ್ಪ ಆಡಿ ನೋಡಿ, ಹೇಗಿದೆ ಹೇಳಿ" ಎನ್ನುತ್ತಾನೆ.

ನೀವಾದರೆ ಏನು ಹೇಳುತ್ತೀರಿ?

ನಮ್ಮ ಹೆಚ್ಚಿನ ಮನೆಗಳಲ್ಲಿ ಸಿಗುವ ಉತ್ತರ ಮೂರು ಬಗೆಯದು. ತಂದೆ, "ಓದುವುದು ಬಿಟ್ಟು ಇದೆಲ್ಲ ಯಾಕೆ?" ಎನ್ನುತ್ತಾರೆ. ತಾಯಿ ಪರದೆಯನ್ನು ಸರಿಯಾಗಿ ನೋಡದೆಯೇ, "ತುಂಬಾ ಚೆನ್ನಾಗಿದೆ ಬೇಟಾ" ಎಂದು ಒಲೆಯ ಕಡೆ ತಿರುಗುತ್ತಾರೆ. ಅಣ್ಣ ಎರಡು ನಿಮಿಷ ಆಡಿ, "ದೊಡ್ಡ ಕಂಪೆನಿಗಳ ಆಟದ ಮುಂದೆ ಇದು ಏನೂ ಅಲ್ಲ" ಎಂದು ಎದ್ದು ಹೋಗುತ್ತಾನೆ. ಒಬ್ಬರು ಗದರಿದರು, ಒಬ್ಬರು ಹೊಗಳಿದರು, ಒಬ್ಬರು ಅಣಕಿಸಿದರು. ಆದರೆ ಫಲ ಒಂದೇ. ತನ್ನ ಆಟದಲ್ಲಿ ಯಾವುದು ಸರಿಯಿದೆ, ಯಾವುದನ್ನು ತಿದ್ದಬೇಕು ಎಂಬುದು ಹುಡುಗನಿಗೆ ತಿಳಿಯಲೇ ಇಲ್ಲ. ಮುಂದಿನ ಬಾರಿ ಅವನು ಮನೆಯವರನ್ನು ಕೇಳುವುದೂ ಇಲ್ಲ.

ಮೊದಲು ಇದು ಎಂಥ ಆಟ ಎಂದು ತಿಳಿಯೋಣ. ಇದಕ್ಕೆ ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಆಡುವವರು ಕಥೆಯೊಳಗಿನ ಒಂದು ಪಾತ್ರವಾಗುತ್ತಾರೆ. ಊರೂರು ಸುತ್ತುತ್ತಾರೆ, ಎದುರಾದವರೊಡನೆ ಮಾತಾಡುತ್ತಾರೆ, ಅವರು ಒಪ್ಪಿಸಿದ ಕೆಲಸ ಮಾಡುತ್ತಾರೆ. ಅನೇಕ ಆಟಗಳಲ್ಲಿ ಅವರ ತೀರ್ಮಾನಕ್ಕೆ ತಕ್ಕಂತೆ ಕಥೆಯೂ ಬದಲಾಗುತ್ತದೆ. ಹಣ ಪಣಕ್ಕಿಡುವ ಆಟಗಳಿಗೂ ಇದಕ್ಕೂ ಸಂಬಂಧವಿಲ್ಲ. ಅಂತಹ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ನೀಡಿತು. ನಿಮ್ಮ ಮಗ ಮಾಡುತ್ತಿರುವುದು ಕಥೆ ಕಟ್ಟುವ, ಚಿತ್ರ ಬರೆಯುವ, ಲೆಕ್ಕ ಹಾಕುವ ಕೆಲಸ. ಕರ್ನಾಟಕಕ್ಕೆ ಇದು ಹೊಸದೂ ಅಲ್ಲ. ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಸಂಸ್ಥೆ ಆರಂಭವಾದದ್ದು 1997ರಲ್ಲಿ. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದೂ ಅದೇ ವರ್ಷ!

ಇನ್ನು 'ಮುಗಿದಿಲ್ಲ' ಎಂಬ ಮಾತು. ಅದು ನೆಪವಲ್ಲ. ಅಡಿಪಾಯ ಹಾಕಿದ ಮನೆಗೆ ಬಂದು, "ಬಣ್ಣ ಚೆನ್ನಾಗಿಲ್ಲ" ಎನ್ನುವವರುಂಟೇ? ಆದರೆ ಅಡುಗೆಕೋಣೆಗೆ ಕಿಟಕಿ ಇಲ್ಲದಿದ್ದರೆ ಆಗಲೇ ಹೇಳಬೇಕು. ಗೋಡೆ ಎದ್ದ ಮೇಲೆ ಹೇಳಿದರೆ ಒಡೆಯಬೇಕಾಗುತ್ತದೆ.

ಜಗತ್ತಿನ ದೊಡ್ಡ ಸಂಸ್ಥೆಗಳಿಗೂ ಇದು ಗೊತ್ತು. ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್ ಸಂಸ್ಥೆ ದೊಡ್ಡವರಿಗಾಗಿ ಮಾಡಿದ 'ಬಾಲ್ಡರ್ಸ್ ಗೇಟ್ 3' ಎಂಬ ಆಟದ ಮೊದಲ ಅಂಕವನ್ನಷ್ಟೇ 2020ರ ಅಕ್ಟೋಬರ್‌ನಲ್ಲಿ ಜನರ ಕೈಗಿಟ್ಟಿತು. ಆಡಿದವರು ಹೇಳಿದ್ದನ್ನು ಕೇಳುತ್ತಾ, ತಿದ್ದುತ್ತಾ ಹೋಯಿತು. ಪೂರ್ಣ ಆಟ ಬಂದದ್ದು 2023ರ ಆಗಸ್ಟ್‌ನಲ್ಲಿ. ಆ ವರ್ಷದ ಅತ್ಯುತ್ತಮ ಆಟವೆಂಬ ಪ್ರಶಸ್ತಿಯೂ ಅದಕ್ಕೆ ಬಂತು. ಇದಕ್ಕೆ ಎದುರಾದ ಉದಾಹರಣೆಯೂ ಇದೆ. ಪೋಲೆಂಡಿನ 'ಸೈಬರ್‌ಪಂಕ್ 2077' ಎಂಬ ಆಟ 2020ರ ಡಿಸೆಂಬರ್‌ನಲ್ಲಿ ದೋಷಗಳನ್ನು ಹೊತ್ತುಕೊಂಡೇ ಮಾರಾಟಕ್ಕೆ ಬಂತು. ಒಂದೇ ವಾರದಲ್ಲಿ ಸೋನಿ ಕಂಪೆನಿ ಅದನ್ನು ತನ್ನ ಆನ್‌ಲೈನ್ ಮಳಿಗೆಯಿಂದ ತೆಗೆದುಹಾಕಿತು. ಅದು ಮತ್ತೆ ಅಲ್ಲಿಗೆ ಬರಲು 2021ರ ಜೂನ್‌ವರೆಗೆ ಕಾಯಬೇಕಾಯಿತು. ನೂರಾರು ಮಂದಿ ದುಡಿದ ಆಟದ ಗತಿಯೇ ಇದಾದರೆ, ಒಬ್ಬನೇ ಕೂತು ಮಾಡುವ ಹುಡುಗನಿಗೆ ಹೊರಗಿನ ಕಣ್ಣು ಎಷ್ಟು ಅಗತ್ಯ, ಯೋಚಿಸಿ.

"ನನಗೆ ಕಂಪ್ಯೂಟರ್ ಗೊತ್ತಿಲ್ಲ, ನಾನೇನು ಹೇಳಲಿ?" ಎಂದು ನೀವು ಕೇಳಬಹುದು. ಗೊತ್ತಿಲ್ಲದಿರುವುದೇ ಇಲ್ಲಿ ಅನುಕೂಲ. ಆಟ ಕಟ್ಟಿದವನಿಗೆ ಬಾಗಿಲು ಎಲ್ಲಿದೆ, ಬೀಗದ ಕೈ ಎಲ್ಲಿದೆ ಎಂಬುದೆಲ್ಲ ಬಾಯಿಪಾಠ. ಹೊಸಬರು ಎಲ್ಲಿ ದಾರಿ ತಪ್ಪುತ್ತಾರೆ ಎಂಬುದು ಮಾತ್ರ ಅವನಿಗೆ ಕಾಣುವುದಿಲ್ಲ. ಅದನ್ನು ತೋರಿಸಿಕೊಡಬಲ್ಲವರು ನೀವು.

ಆಡುವ ಮೊದಲು ಒಂದು ಪ್ರಶ್ನೆ ಕೇಳಿ: "ಬೇಟಾ, ಇದರಲ್ಲಿ ಏನು ನೋಡಿ ಹೇಳಬೇಕು?" ಕಥೆ ಅರ್ಥವಾಗುತ್ತದೆಯೇ ಎಂದು ತಿಳಿಯಲು ಅವನು ಬಯಸಿದ್ದರೆ, ಚಿತ್ರಗಳ ಅಂದಚಂದದ ಮಾತು ಇವತ್ತಿಗೆ ಬೇಡ. ಆಡುವಾಗ ಅವನು ಪಕ್ಕದಲ್ಲಿ ಕೂತು, "ಅಲ್ಲಲ್ಲ, ಈ ಕಡೆ ಹೋಗಿ" ಎನ್ನಲು ಬಿಡಬೇಡಿ. ನಾಳೆ ಬೇರೆ ಊರಿನಲ್ಲಿ ಯಾರೋ ಆಡುವಾಗ ಅವನು ಪಕ್ಕದಲ್ಲಿ ಇರುವುದಿಲ್ಲವಲ್ಲ! ಮನಸ್ಸಿಗೆ ಬಂದದ್ದನ್ನು ಆಗಾಗಲೇ ಬಾಯಿಬಿಟ್ಟು ಹೇಳುತ್ತಾ ಆಡಿ. ಅವನು ಸುಮ್ಮನೆ ಬರೆದುಕೊಳ್ಳಲಿ.

ಅಭಿಪ್ರಾಯ ಹೇಳುವಾಗ ಜಾಗ ತೋರಿಸಿ ಹೇಳಿ. 'ಬೋರು' ಎಂದರೆ ಅವನು ಏನನ್ನು ತಿದ್ದಬೇಕು? "ಮಂಡಿಯ ಯಜಮಾನ ತುಂಬ ಹೊತ್ತು ಮಾತಾಡಿದ. ಕೊನೆಗೆ ನಾನು ಏನು ಮಾಡಬೇಕು ಎಂಬುದೇ ಮರೆತುಹೋಯಿತು" ಎಂದರೆ ಅವನಿಗೆ ದಾರಿ ಸಿಗುತ್ತದೆ. ಆಟ ನಡುವೆ ನಿಂತುಹೋದರೆ, "ಕೆಟ್ಟುಹೋಗಿದೆ" ಎನ್ನಬೇಡಿ. ಎಲ್ಲಿದ್ದಿರಿ, ಯಾವ ಗುಂಡಿ ಒತ್ತಿದಿರಿ, ಆಮೇಲೆ ಏನಾಯಿತು ಎಂಬ ಮೂರನ್ನೂ ಹೇಳಿ. ವೈದ್ಯರ ಹತ್ತಿರ "ಮೈ ಸರಿಯಿಲ್ಲ" ಎಂದಷ್ಟೇ ಹೇಳಿ ಬರುತ್ತೇವೆಯೇ?

ಹಾಗೆಯೇ ನೋವು ಎಲ್ಲಿದೆ ಎಂಬುದನ್ನು ನೀವು ಹೇಳಿ, ಮದ್ದನ್ನು ಅವನು ಹುಡುಕಲಿ. ಚಾಚಾರ ಮಾತನ್ನೇ ತೆಗೆದುಕೊಳ್ಳಿ. ಹುಡುಗನ ಕಥೆಯಲ್ಲಿ ತರಕಾರಿ ತುಂಬಿದ ಲಾರಿ ರಾತ್ರಿ ಹನ್ನೊಂದಕ್ಕೆ ಬಂಡೀಪುರದ ಕಾಡು ದಾಟುತ್ತದೆ. ಚಾಚಾ ನಕ್ಕು, "ಮದ್ದೂರು ಚೆಕ್‌ಪೋಸ್ಟಿನಲ್ಲಿ ರಾತ್ರಿ ಒಂಬತ್ತಕ್ಕೇ ಗೇಟ್ ಹಾಕುತ್ತಾರಲ್ಲೋ! ಬೆಳಗ್ಗೆ ಆರಕ್ಕೇ ತೆಗೆಯೋದು" ಎನ್ನುತ್ತಾರೆ. 2009ರಲ್ಲಿ ಶುರುವಾದ ರಾತ್ರಿ ಸಂಚಾರ ನಿಷೇಧ ಈ ಭಾಗದ ಚಾಲಕರಿಗೆಲ್ಲ ಗೊತ್ತು. ಚಾಚಾ ಹೇಳಿದ್ದು ಇಷ್ಟೇ. ಆದರೆ ಗೇಟಿನ ಮುಂದೆ ಲಾರಿ ನಿಲ್ಲಿಸಿ ಬೆಳಗಾಗುವುದನ್ನು ಕಾಯುವ ಒಂಬತ್ತು ಗಂಟೆಗಳಲ್ಲಿ ಎಷ್ಟು ಮಂದಿ ಸಿಗಬಹುದು, ಎಷ್ಟು ಮಾತು ನಡೆಯಬಹುದು, ಬಾಡುತ್ತಿರುವ ಸೊಪ್ಪಿನ ಚಿಂತೆ ಎಷ್ಟಿರಬಹುದು! ಜೀವನದಲ್ಲಿ ಒಂದೂ ವಿಡಿಯೋ ಗೇಮ್ ಆಡದವರ ಒಂದು ಮಾತಿನಿಂದ ಹೊಸ ಅಧ್ಯಾಯವೇ ಹುಟ್ಟಬಹುದು.

ಅಮ್ಮಿಯ ಕಣ್ಣಿಗೂ ಕೆಲಸವಿದೆ. ಆಟದಲ್ಲಿ ಕನ್ನಡ ಮಾತುಗಳಿದ್ದರೆ ಅಕ್ಷರಗಳನ್ನು ಗಮನಿಸಿ. 'ಗುಂಡ್ಲುಪೇಟೆ' ಎಂಬ ಹೆಸರಿನಲ್ಲಿ ಡಕಾರದ ಕೆಳಗಿರಬೇಕಾದ ಒತ್ತು ಬಿಡಿಯಾಗಿ ಪಕ್ಕಕ್ಕೆ ಬಂದು ಕೂತಿರಬಹುದು. ಇದು ಹುಡುಗನ ಕಾಗುಣಿತದ ತಪ್ಪಲ್ಲ, ತಂತ್ರಾಂಶದ ಕೊರತೆ. ಉಚಿತವಾಗಿ ಸಿಗುವ ಗೋಡೋ ಎಂಬ ಆಟ ತಯಾರಿಕೆಯ ತಂತ್ರಾಂಶದಲ್ಲಿ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ವ್ಯವಸ್ಥೆ ಬಂದದ್ದೇ 2023ರ ನಾಲ್ಕನೇ ಆವೃತ್ತಿಯಲ್ಲಿ. ಸದಾ ಇಂಗ್ಲಿಷಿನಲ್ಲೇ ಕೆಲಸ ಮಾಡುವವನ ಕಣ್ಣಿಗೆ ಇದು ಬೀಳದಿರಬಹುದು. ಕನ್ನಡ ಶಾಲೆಯಲ್ಲಿ ಓದಿದ ತಾಯಿಯ ಕಣ್ಣು ಅದನ್ನು ಮೊದಲ ಸಾಲಿನಲ್ಲೇ ಹಿಡಿಯುತ್ತದೆ.

ಹೊಗಳಬಾರದೇ? ಖಂಡಿತ ಹೊಗಳಿ. ಆದರೆ ಅದಕ್ಕೂ ಜಾಗ ತೋರಿಸಿ. "ಅಜ್ಜಿ ಕಾಲುದಾರಿ ತೋರಿಸಿದಾಗ ನಿಜವಾಗಿ ನಮ್ಮೂರಿನಲ್ಲೇ ನಡೆದ ಹಾಗಿತ್ತು" ಎಂಬ ಹೊಗಳಿಕೆ, ಯಾವುದನ್ನು ಕೆಡಿಸಬಾರದು ಎಂದು ಅವನಿಗೆ ಹೇಳಿಕೊಡುತ್ತದೆ. ತಪ್ಪುಗಳನ್ನು ಮಾತ್ರ ಒಮ್ಮೆಗೇ ಇಪ್ಪತ್ತು ಪಟ್ಟಿ ಮಾಡಿ ಮುಂದಿಡಬೇಡಿ. ಆಟವನ್ನು ಮುಂದುವರಿಸಲು ಬಿಡದ ಎರಡು ಮೂರು ದೊಡ್ಡ ತೊಡಕುಗಳನ್ನು ಮೊದಲು ಹೇಳಿ. ಉಳಿದವು ಮುಂದಿನ ಭಾನುವಾರಕ್ಕಿರಲಿ. ಆ ಭಾನುವಾರ ಮರೆಯದೆ ಮತ್ತೆ ಆಡಿ. ತಿದ್ದಿದ್ದನ್ನು ಯಾರೂ ನೋಡದಿದ್ದರೆ ತಿದ್ದುವ ಉತ್ಸಾಹ ಎಲ್ಲಿಂದ ಬರಬೇಕು?

ತಂದೆಯ ಆತಂಕವನ್ನೂ ತಳ್ಳಿಹಾಕುವಂತಿಲ್ಲ. ಪರೀಕ್ಷೆ, ನಿದ್ದೆ, ನಾಳಿನ ಸಂಪಾದನೆ ಇವೆಲ್ಲ ಆಡಲೇಬೇಕಾದ ಮಾತುಗಳು. ಆದರೆ ಅವನು ಆಟ ತೋರಿಸಲು ಬಂದ ಹೊತ್ತಿನಲ್ಲಿ ಅದು ಬೇಡ. ಆ ಮಾತಿಗೆ ಬೇರೆ ಸಮಯವಿರಲಿ. ಆಟದಲ್ಲಿ ರಕ್ತಪಾತವೋ ಜೂಜೋ ಕಂಡರೆ ಅದನ್ನೂ ಮುಚ್ಚಿಡಬೇಡಿ. "ಈ ಜಾಗದಲ್ಲಿ ನನ್ನ ಮನಸ್ಸಿಗೆ ಕಸಿವಿಸಿಯಾಯಿತು. ಕಥೆಗೆ ಇದು ಬೇಕೇ?" ಎಂದು ಕೇಳಿ. ಆಜ್ಞೆಯನ್ನು ಕೇಳದ ಪ್ರಾಯದವನು ಪ್ರಶ್ನೆಗೆ ಉತ್ತರ ಹುಡುಕುತ್ತಾನೆ.

ಯುವ ಓದುಗರಿಗೂ ಒಂದು ಮಾತು. ಮನೆಯವರು ಹೇಳುತ್ತಿರುವಾಗ ವಾದಕ್ಕಿಳಿಯಬೇಡಿ. "ನಿಮಗೆ ಆಡಲು ಬರುವುದಿಲ್ಲ" ಎನ್ನುವುದು ಸುಲಭ. ಆದರೆ ಮೂವರು ಒಂದೇ ಜಾಗದಲ್ಲಿ ಎಡವಿದರೆ ಕಲ್ಲು ಇರುವುದು ದಾರಿಯಲ್ಲಿ, ಕಾಲಿನಲ್ಲಲ್ಲ. ಎಲ್ಲವನ್ನೂ ಬರೆದುಕೊಳ್ಳಿ, ಎಲ್ಲವನ್ನೂ ಒಪ್ಪಬೇಕಾಗಿಲ್ಲ. ಆಟ ನಿಮ್ಮದು, ಕೊನೆಯ ತೀರ್ಮಾನವೂ ನಿಮ್ಮದೇ.

ಓದುಗರೇ, ಆಟವೇ ಆಗಬೇಕೆಂದಿಲ್ಲ. ಮಗಳು ಅರ್ಧ ಹಾಕಿದ ಕಸೂತಿ, ಸೊಸೆ ಹೊಸದಾಗಿ ಕಲಿಯುತ್ತಿರುವ ಹೊಲಿಗೆ, ತಮ್ಮ ಬರೆದ ಮೊದಲ ಕಥೆ ಎಲ್ಲಕ್ಕೂ ಈ ಮಾತು ಸಲ್ಲುತ್ತದೆ. ಮುಗಿಯದ ಕೆಲಸವನ್ನು ಒಬ್ಬರು ನಿಮ್ಮ ಮುಂದಿಡುತ್ತಾರೆಂದರೆ ನಿಮ್ಮ ಮೇಲೆ ಅವರಿಗೆ ನಂಬಿಕೆಯಿದೆ ಎಂದರ್ಥ. ಕೈಯಲ್ಲಿರುವ ಸೌಟನ್ನು ಕೆಳಗಿಟ್ಟು ಹತ್ತು ನಿಮಿಷ ಕೂತು ನೋಡಿ. ಕಂಡದ್ದನ್ನು ಕಂಡ ಹಾಗೆ, ಪ್ರೀತಿಯಿಂದ ಹೇಳಿ.