ಮೇಷ್ಟ್ರು ಮತ್ತೆ ಮೈದಾನಕ್ಕೆ ಇಳಿಯಬೇಕೇ?



ಈ ಸಲ ಉಪ್ಪಿನಕಾಯಿಗೆ ಬೂಜು ಬರುವ ವಿಷಯವಾಗಿ ನೀವು ಬರೆದ ಕಾಗದಗಳಿಗೆ ಉತ್ತರ ಹೇಳೋಣವೆಂದು ಕೂತಿದ್ದೆ. ಅಷ್ಟರಲ್ಲಿ ಯಳಂದೂರಿನ ಸೋದರಿಯೊಬ್ಬರ ಕಾಗದ ಬಂತು. ಆರು ಪುಟ, ಎರಡೂ ಮಗ್ಗುಲಲ್ಲಿ ಬರೆದದ್ದು. ಓದಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿದ್ದ ಹಾಲು ಉಕ್ಕಿ ಹೋಗಿತ್ತು. ಉಪ್ಪಿನಕಾಯಿ ಮುಂದಿನ ಸಂಚಿಕೆಗೆ ಇರಲಿ. ಒದ್ದೆ ಸೌಟು ಹಾಕದೆ ಇದ್ದರೆ ಹದಿನೈದು ದಿನಕ್ಕೆ ಅದಕ್ಕೇನೂ ಆಗುವುದಿಲ್ಲ.

ಕಾಗದದ ಸಾರಾಂಶ ಹೇಳುತ್ತೇನೆ. ಆಕೆಯ ಯಜಮಾನರು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟರಾಗಿದ್ದವರು. ರಿಟೈರಾಗಿ ಹನ್ನೆರಡು ವರ್ಷವಾಯಿತು, ಈಗ ಎಪ್ಪತ್ತೆರಡು. ಕೊಳ್ಳೇಗಾಲದಲ್ಲಿ ಕೆಲಸದಲ್ಲಿದ್ದಾಗ ಊರ ಹುಡುಗರನ್ನು ಸೇರಿಸಿಕೊಂಡು ಒಂದು ಫುಟ್‌ಬಾಲ್ ತಂಡ ಕಟ್ಟಿದ್ದರು. ಹನೂರಿನ ಕಡೆಯಿಂದಲೂ ಹುಡುಗರು ಬಂದು ಸೇರುತ್ತಿದ್ದರು. ಆಗ ಆಡಿದವರ ಮಕ್ಕಳು, ತಮ್ಮಂದಿರು ಈಗ ಆಡುತ್ತಿದ್ದಾರೆ. ಎರಡು ವರ್ಷದಿಂದ ಆ ತಂಡಕ್ಕೆ ಸೋಲಿನ ಮೇಲೆ ಸೋಲು. ಕಳೆದ ತಿಂಗಳು ಮೂರು ಮೋಟಾರ್ ಸೈಕಲ್ಲಿನಲ್ಲಿ ಏಳು ಹುಡುಗರು ಯಳಂದೂರಿಗೆ ಬಂದು ಜಗಲಿಯ ಮೇಲೆ ಕೂತರಂತೆ. (ಮೂರು ಗಾಡಿಗೆ ಏಳು ಜನ! ಮೊದಲು ಅದಕ್ಕೆ ಬೈಯಬೇಕಿತ್ತು.) "ಸಾ, ನೀವ್ ಬಂದು ಕುರ್ಚೀಲಿ ಕೂತ್ಕೊಂಡ್ರೆ ಸಾಕು ಸಾ. ಮಿಕ್ಕಿದ್ದು ನಾವ್ ನೋಡ್ಕತೀವಿ" ಅಂದರಂತೆ. ಮೇಷ್ಟರು "ನೋಡಾಣ ಹೋಗ್ರೋ" ಎಂದು ಕಳಿಸಿದರು. ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ಮಾರನೆಯ ದಿನ ಆಕೆ ಹಿತ್ತಲಿಗೆ ಹೋಗಿ ನೋಡಿದರೆ, ಟ್ರಂಕಿನಲ್ಲಿದ್ದ ಹಳೆಯ ಹಿತ್ತಾಳೆ ವಿಷಲ್ಲಿಗೆ ಹುಣಿಸೆಹಣ್ಣು ಹಚ್ಚಿ ತಿಕ್ಕುತ್ತ ಕೂತಿದ್ದಾರೆ.

ಹೋದ ಶ್ರಾವಣದಲ್ಲಿ ಇದೇ ಮೇಷ್ಟರಿಗೆ ಎದೆನೋವು ಬಂದು, ಮೈಸೂರಿಗೆ ಕರೆದುಕೊಂಡು ಹೋಗಿ ಸ್ಟೆಂಟ್ ಹಾಕಿಸಿದ್ದಾರೆ. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ "ಅಪ್ಪನ್ನ ಹೊಸ್ತಿಲು ದಾಟಿಸಬೇಡಮ್ಮ" ಎಂದು ಗದರುತ್ತಾನೆ. "ಬೇಡ ಅಂದ್ರೆ ಮುಖ ಸಪ್ಪಗೆ ಮಾಡ್ಕೊಂಡು ಊಟ ಬಿಡ್ತಾರೆ. ಹೋಗಿ ಅಂದ್ರೆ ನನ್ನ ಜೀವ ಕೈಲಿ ಹಿಡ್ಕೊಂಡು ಕೂತಿರ್ಬೇಕು. ನಾನೇನು ಮಾಡ್ಲಿ, ನೀವೇ ಹೇಳಿ" ಎಂದು ಕೇಳಿದ್ದಾರೆ. ಕಡೆಯ ಪುಟದ ಅಂಚಿನಲ್ಲಿ, ಜಾಗ ಸಾಲದೆ, ಸಣ್ಣಕ್ಷರದಲ್ಲಿ ಇನ್ನೊಂದು ಮಾತು ಬರೆದಿದ್ದಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ಅಡುಗೆಮನೆಯ ಮಾತಿನ ನಡುವೆ ಈ ಕಾಲ್ಚೆಂಡು ಎಲ್ಲಿಂದ ಬಂತು ಅನ್ನಬೇಡಿ. ನಮ್ಮ ಕಡೆ ಹುಡುಗರೆಲ್ಲ ಕ್ರಿಕೆಟ್ಟು, ಕಬಡ್ಡಿ ಅಂತ ಓಡುವವರೇ, ನಿಜ. ಆದರೆ ಹನೂರು ತಾಲ್ಲೂಕಿನ ಒಡೆಯರಪಾಳ್ಯಕ್ಕೆ ಒಮ್ಮೆ ಹೋಗಿ ನೋಡಿ. ೧೯೭೪ರಿಂದ ಅಲ್ಲಿ ಟಿಬೆಟನ್ನರು ನೆಲೆಸಿದ್ದಾರೆ. ಅವರಿಗೆ ಫುಟ್‌ಬಾಲ್ ಎಂದರೆ ಪ್ರಾಣ. ದೇಶದಲ್ಲಿರುವ ಟಿಬೆಟನ್ ನೆಲೆಗಳ ತಂಡಗಳೆಲ್ಲ ಸೇರಿ ಆಡುವ ದೊಡ್ಡ ಪಂದ್ಯಾವಳಿಯ ಹೆಸರು ಗ್ಯಾಲ್ಯುಮ್ ಚೆನ್ಮೊ ಕಪ್. ದಲೈ ಲಾಮಾ ಅವರ ಹೆತ್ತತಾಯಿಯ ನೆನಪಿಗೆ ಇಟ್ಟ ಹೆಸರು ಅದು. ಗಂಡಸರ ಆಟಕ್ಕೆ ಒಬ್ಬ ತಾಯಿಯ ಹೆಸರು! ನನಗಂತೂ ಇದು ಬಹಳ ಮೆಚ್ಚಿಗೆಯಾಯಿತು.

ಈಗ ಮೇಷ್ಟರ ವಿಷಯ. ವಯಸ್ಸಾಯಿತು ಎಂಬ ಒಂದೇ ಕಾರಣಕ್ಕೆ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ೧೯೯೭ರ ಜುಲೈನಲ್ಲಿ ಕಲ್ಕತ್ತೆಯಲ್ಲಿ ಈಸ್ಟ್ ಬೆಂಗಾಲ್, ಮೋಹನ್ ಬಗಾನ್ ತಂಡಗಳು ಎದುರಾದಾಗ ಒಂದು ಲಕ್ಷ ಮೂವತ್ತು ಸಾವಿರದಷ್ಟು ಜನ ಸೇರಿದ್ದರು. ಒಂದು ಕಡೆಯ ತರಬೇತುದಾರ ಪಿ.ಕೆ. ಬ್ಯಾನರ್ಜಿ, ೬೧ ವರ್ಷ. ಎದುರು ಕಡೆಯವರು ಅಮಲ್ ದತ್ತ, ೬೭. ನಮ್ಮ ಸರ್ಕಾರಿ ಲೆಕ್ಕದಲ್ಲಿ ಇಬ್ಬರೂ ಪೆನ್ಷನ್ ತೆಗೆದುಕೊಂಡು ಪಾರ್ಕಿನ ಬೆಂಚಿನ ಮೇಲೆ ಕೂರಬೇಕಾದವರು. ಬ್ಯಾನರ್ಜಿಯವರ ತಂಡ ೪-೧ರಿಂದ ಗೆದ್ದಿತು.

ಪರದೇಶದಲ್ಲೂ ಹೀಗೇ. ಜರ್ಮನಿಯ ಯುಪ್ ಹೈಂಕೆಸ್ ೨೦೧೩ರಲ್ಲಿ ಬಯರ್ನ್ ಮ್ಯೂನಿಕ್ ತಂಡಕ್ಕೆ ಒಂದೇ ವರ್ಷದಲ್ಲಿ ಮೂರು ದೊಡ್ಡ ಪ್ರಶಸ್ತಿ ಗೆದ್ದುಕೊಟ್ಟು ಮನೆಗೆ ಹೋಗಿದ್ದರು. ನಾಲ್ಕು ವರ್ಷದ ಮೇಲೆ, ೨೦೧೭ರ ಅಕ್ಟೋಬರಿನಲ್ಲಿ, ತಂಡ ಮುಗ್ಗರಿಸಿದಾಗ ಮತ್ತೆ ಕರೆ ಬಂತು. ಆಗ ಅವರಿಗೆ ೭೨, ಥೇಟ್ ನಮ್ಮ ಮೇಷ್ಟರ ವಯಸ್ಸೇ. ಈ ಋತು ಮುಗಿಯುವವರೆಗೆ ಮಾತ್ರ ಎಂದು ಹೇಳಿ ಬಂದರು. ಲೀಗ್ ಗೆದ್ದುಕೊಟ್ಟರು. ಇನ್ನೊಂದು ವರ್ಷ ಇರಿ ಎಂದು ಕ್ಲಬ್ಬಿನವರು ಗೋಗರೆದರೂ ಕೇಳದೆ ೨೦೧೮ರಲ್ಲಿ ಹೊರಟುಹೋದರು.

ಇಂಗ್ಲೆಂಡಿನ ರಾಯ್ ಹಾಡ್ಜ್‌ಸನ್ ಅವರ ಕಥೆಯನ್ನು ಯಳಂದೂರಿನ ಸೋದರಿ ಇನ್ನಷ್ಟು ಗಮನವಿಟ್ಟು ಓದಬೇಕು. ಅವರು ತಮ್ಮ ಹುಟ್ಟೂರಿನ ಕಡೆಯ ಕ್ರಿಸ್ಟಲ್ ಪ್ಯಾಲೆಸ್ ತಂಡವನ್ನು ನಾಲ್ಕು ವರ್ಷ ನಡೆಸಿ ೨೦೨೧ರಲ್ಲಿ ಬಿಟ್ಟಿದ್ದರು. ೨೦೨೩ರ ಮಾರ್ಚಿನಲ್ಲಿ ತಂಡ ಗೆಲುವನ್ನೇ ಮರೆತಾಗ ಮತ್ತೆ ಕರೆದರು. ವಯಸ್ಸು ೭೫. ಉಳಿದಿದ್ದದ್ದು ಹತ್ತೇ ಪಂದ್ಯ. ಐದು ಗೆದ್ದರು, ಮೂರು ಸಮ ಮಾಡಿಕೊಂಡರು, ಎರಡು ಸೋತರು. ತಂಡ ಉಳಿಯಿತು. ಅಲ್ಲಿಗೆ ಶಾಲು ಹೊದಿಸಿ, ಹಾರ ಹಾಕಿಸಿಕೊಂಡು ಮನೆಗೆ ಬಂದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಇನ್ನೊಂದು ವರ್ಷಕ್ಕೆ ಒಪ್ಪಿಕೊಂಡರು. ಚಳಿಗಾಲದ ಹೊತ್ತಿಗೆ ಸೋಲು ಶುರುವಾಯಿತು, ಕೂಗಿ ಕರೆದಿದ್ದ ಜನರೇ ಗೊಣಗತೊಡಗಿದರು. ೨೦೨೪ರ ಫೆಬ್ರವರಿಯಲ್ಲಿ ಅಭ್ಯಾಸದ ಹೊತ್ತಿನಲ್ಲೇ ಆರೋಗ್ಯ ಕೆಟ್ಟು ಆಸ್ಪತ್ರೆ ಸೇರಿದರು, ನಾಲ್ಕೈದು ದಿನದೊಳಗೆ ಕೆಲಸ ಬಿಟ್ಟರು. ಅವರ ಜಾಗಕ್ಕೆ ಬಂದ, ಅವರಿಗಿಂತ ಇಪ್ಪತ್ತೇಳು ವರ್ಷ ಚಿಕ್ಕವರಾದ ಆಲಿವರ್ ಗ್ಲಾಸ್ನರ್ ೨೦೨೫ರಲ್ಲಿ ಅದೇ ತಂಡಕ್ಕೆ ಇಂಗ್ಲೆಂಡಿನ ಎಫ್.ಎ. ಕಪ್ ಗೆದ್ದುಕೊಟ್ಟರು.

ಒಬ್ಬರು ದಿನ ಗೊತ್ತು ಮಾಡಿಕೊಂಡು ಬಂದು ಆ ದಿನಕ್ಕೆ ಎದ್ದರು. ಇನ್ನೊಬ್ಬರು ಒಂದು ಸಲ ಹಾಗೆ ಮಾಡಿ, ಎರಡನೆಯ ಸಲ ಕೂತೇಬಿಟ್ಟರು. ನನ್ನ ಕಣ್ಣಿಗೆ ಬೀಳುವ ವ್ಯತ್ಯಾಸ ಇಷ್ಟೇ.

ಇದನ್ನು ನಾನು ಪತ್ರಿಕೆ ಓದಿ ಕಲಿತದ್ದಲ್ಲ. ನಮ್ಮ ತಂದೆ ನಾಟಕದ ಮೇಷ್ಟರು. ಕುರುಕ್ಷೇತ್ರ ನಾಟಕ ಆಡಿಸುವುದೆಂದರೆ ಸುತ್ತಲ ಹಳ್ಳಿಯವರಿಗೆ ಅವರ ಹಾರ್ಮೋನಿಯಮ್ಮೇ ಆಗಬೇಕು. ಅರವತ್ತೆಂಟಕ್ಕೆ ಸಾಕು ಎಂದು ನಿಲ್ಲಿಸಿದ್ದರು. ಮೂರು ವರ್ಷದ ಮೇಲೆ ಒಂದು ಹಳ್ಳಿಯ ಯುವಕರು ಎತ್ತಿನ ಗಾಡಿ ಕಟ್ಟಿಕೊಂಡು ಬಂದರು. ಆ ವರ್ಷದ ನಾಟಕ ಎಂಥ ರಂಗೇರಿತು ಅಂತೀರಿ! ಅಮ್ಮ ಮಾತ್ರ ಎರಡು ತಿಂಗಳು ರಾತ್ರಿ ಎರಡು ಗಂಟೆಯವರೆಗೆ ಹಂಡೆಯಲ್ಲಿ ಬಿಸಿನೀರು ಇಟ್ಟುಕೊಂಡು ಕಾಯುತ್ತಿದ್ದಳು. ಆಕೆಯನ್ನು ಯಾರೂ ಕೇಳಿರಲಿಲ್ಲ, ಹಾರವನ್ನೂ ಹಾಕಲಿಲ್ಲ. ಎರಡನೆಯ ವರ್ಷವೂ ಅಪ್ಪ ಹೋದರು, ದನಿ ಒಡೆಯುತ್ತಿತ್ತು, ಅಲ್ಲಲ್ಲಿ ಕಂದಪದ್ಯ ಮರೆಯುತ್ತಿದ್ದರು. ಮೂರನೆಯ ವರ್ಷ ಗಾಡಿ ಬರಲಿಲ್ಲ. ಅಪ್ಪ ಸಂಜೆಯ ಹೊತ್ತು ಪಂಚೆ ಉಟ್ಟು ಜಗಲಿಗೆ ಬಂದು ಕೂರುವರು. ಒಂದು ದಿನ ಅಂಗಡಿಯಿಂದ ಬೆಲ್ಲ ಕಟ್ಟಿಸಿಕೊಂಡು ಬಂದ ಕಾಗದ ಬಿಚ್ಚಿದರೆ ಅದು ಆ ನಾಟಕದ ಕರಪತ್ರ. ಅದರಲ್ಲಿ ಬೇರೆ ಮೇಷ್ಟರ ಹೆಸರು. ಅಮ್ಮ ಅದನ್ನು ಒಲೆಗೆ ಹಾಕುವ ಮೊದಲೇ ಅಪ್ಪ ನೋಡಿಬಿಟ್ಟರು. ಅವರು ಏನೂ ಅನ್ನಲಿಲ್ಲ, ಹಾರ್ಮೋನಿಯಮ್ಮಿಗೆ ಬಟ್ಟೆ ಹೊದಿಸಿ ಅಟ್ಟಕ್ಕೆ ಇಡಿಸಿದರು.

ಕರೆಯುವಾಗ ಏಳು ಜನ ಬರುತ್ತಾರೆ ಅಕ್ಕ. (ನೀವು ನನಗಿಂತ ದೊಡ್ಡವರು, ಹಾಗೆ ಕರೆಯಲು ಅಡ್ಡಿಯಿಲ್ಲವಷ್ಟೆ?) ಸಾಕು ಮೇಷ್ಟ್ರೇ ಎನ್ನಲು ಒಬ್ಬನೂ ಬರುವುದಿಲ್ಲ. ಅದಕ್ಕೇ ಸಾಕು ಎನ್ನುವ ದಿನವನ್ನು ಬಾ ಎನ್ನುವ ದಿನವೇ ಗೊತ್ತು ಮಾಡಿಕೊಳ್ಳಬೇಕು. ನಿಮ್ಮ ಯಜಮಾನರು ಹೋಗಲಿ, ಈ ಒಂದು ಪಂದ್ಯಾವಳಿಗೆ ಮಾತ್ರ. ಗೆದ್ದರೂ ಸರಿ, ಸೋತರೂ ಸರಿ, ಕಡೆಯ ಪಂದ್ಯದ ಸಂಜೆ ವಿಷಲ್ ವಾಪಸು ಟ್ರಂಕಿಗೆ. ಈ ಮಾತನ್ನು ಆ ಹುಡುಗರ ಎದುರಿಗೇ, ಜಗಲಿಯ ಮೇಲೇ, ನೀವು ನಿಂತು ಆಡಿಸಬೇಕು. ಗೆದ್ದರೆ ಮಾತು ಮೀರುವ ಆಸೆ ಇನ್ನೂ ಜಾಸ್ತಿ, ನೆನಪಿಡಿ.

ಅದಕ್ಕೂ ಮೊದಲು ಡಾಕ್ಟರನ್ನು ಕೇಳಬೇಕು. ಮಗನನ್ನಲ್ಲ, ನನ್ನನ್ನೂ ಅಲ್ಲ, ಸ್ಟೆಂಟ್ ಹಾಕಿದ ಡಾಕ್ಟರನ್ನು. "ವಾಕಿಂಗ್ ಹೋಗಬಹುದಾ" ಎಂದು ಕೇಳಿ ಅನುಮತಿ ಪಡೆದು ಮೈದಾನಕ್ಕೆ ಹೋಗುವುದಲ್ಲ. ಇಷ್ಟು ಗಂಟೆ ನಿಂತಿರಬೇಕು, ಕೂಗಬೇಕು, ಕೋಪ ಬರುತ್ತದೆ, ಬಿಸಿಲಿರುತ್ತದೆ ಎಂದು ಉಪ್ಪು ಖಾರ ಬಿಡದೆ ಹೇಳಿ ಕೇಳಿ. ಅವರು ಬೇಡ ಎಂದರೆ ಮಾತು ಅಲ್ಲಿಗೆ ಮುಗಿಯಿತು, ಮೇಷ್ಟರು ಎಷ್ಟು ಮುನಿಸಿಕೊಂಡರೂ ಸರಿ. ಸರಿ ಎಂದರೆ, ಸಂಜೆ ಬಿಸಿಲು ಇಳಿದ ಮೇಲೆ ಅಭ್ಯಾಸ, ವಾರಕ್ಕೆ ಮೂರು ದಿನ. ಮಾತ್ರೆ ಅವರ ಜೇಬಿನಲ್ಲಿ ಒಂದು, ತಂಡದ ಹುಡುಗನೊಬ್ಬನ ಹತ್ತಿರ ಇನ್ನೊಂದು. ಎಷ್ಟು ಹೊತ್ತಿಗೆ ಮಾತ್ರೆ ಎಂಬುದೂ ಆ ಹುಡುಗನಿಗೆ ಗೊತ್ತಿರಲಿ. ಶೂಸು, ಚೆಂಡು, ಬಸ್ ಚಾರ್ಜು ಅಂತ ಪೆನ್ಷನ್ ಹಣ ಕರಗದ ಹಾಗೆಯೂ ನೋಡಿಕೊಳ್ಳಿ. ಗಂಡಸರಿಗೆ ಹೀಗೆ ಕೊಡುವುದೆಂದರೆ ಕೈ ತಡೆಯುವುದಿಲ್ಲ, ತಿಂಗಳ ಕೊನೆಯಲ್ಲಿ ಡಬ್ಬ ತಡಕುವವರು ನಾವು.

ಇನ್ನು ಆ ಅಂಚಿನಲ್ಲಿ ಬರೆದ ಮಾತು. "ಈಗ ಹುಡುಗರಿಗೆ ಕಲಿಸುತ್ತಿರುವವನು ಇವರ ಶಿಷ್ಯನೇ. ಮೂರು ವರ್ಷದಿಂದ ಸಂಬಳವಿಲ್ಲದೆ ಮಾಡ್ತಾ ಇದ್ದಾನೆ. ಒಳ್ಳೆ ಹುಡುಗ." ಇಷ್ಟೇ.

ಅಕ್ಕ, ಆರು ಪುಟದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಒಂದೂವರೆ ಸಾಲು. ಜಗಲಿಗೆ ಬಂದ ಏಳು ಜನರಲ್ಲಿ ಆ ಹುಡುಗ ಇದ್ದನೇ? ಇರಲಿಲ್ಲ ಎಂದು ನನ್ನ ಗುಮಾನಿ. ಅವನ ಬೆನ್ನ ಹಿಂದೆ ಬಂದು ಇವರನ್ನು ಕರೆದರೆ ಅವನ ಗತಿಯೇನು? ಸೊಸೆ ಅಡುಗೆ ಕಲಿಯುತ್ತಿರುವಾಗ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅತ್ತೆಯ ಕೈಗೆ ಮತ್ತೆ ಸೌಟು ಕೊಟ್ಟ ಮನೆಗಳನ್ನು ನಾವು ನೋಡಿಲ್ಲವೇ? ಆ ಸೊಸೆ ಆಮೇಲೆ ಒಲೆಯ ಮುಂದೆ ಮನಸ್ಸಿಟ್ಟು ನಿಂತದ್ದನ್ನು ನಾನಂತೂ ಕಾಣೆ.

ಹೈದರಾಬಾದಿನ ಎಸ್.ಎ. ರಹೀಂ ಅವರನ್ನು ನೆನೆಯಿರಿ. ಅವರೂ ಮೊದಲು ಶಾಲೆಯ ಮೇಷ್ಟರೇ. ೧೯೫೦ರಿಂದ ಭಾರತ ತಂಡವನ್ನು ಪಳಗಿಸಿದರು. ೧೯೫೧ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ, ೧೯೫೬ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ, ೧೯೬೨ರಲ್ಲಿ ಜಕಾರ್ತದಲ್ಲಿ ದಕ್ಷಿಣ ಕೊರಿಯಾವನ್ನು ೨-೧ರಿಂದ ಸೋಲಿಸಿ ಮತ್ತೆ ಚಿನ್ನ. ಆ ತಂಡದಲ್ಲಿ ನಮ್ಮ ಬೆಂಗಳೂರಿನ ಅರುಮೈನಾಯಗಂ ಇದ್ದರು. ವರ್ಷ ತುಂಬುವ ಮೊದಲೇ, ೧೯೬೩ರ ಜೂನ್‌ನಲ್ಲಿ, ರಹೀಂ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಕಥೆ ೨೦೨೪ರಲ್ಲಿ 'ಮೈದಾನ್' ಎಂಬ ಹಿಂದಿ ಸಿನಿಮಾ ಆಯಿತು, ರಹೀಂ ಅವರ ಹೆಂಡತಿಯಾಗಿ ನಮ್ಮ ಪ್ರಿಯಾಮಣಿ ಅಭಿನಯಿಸಿದ್ದಾರೆ. ಸಿಕ್ಕಿದರೆ ಇಬ್ಬರೂ ಕೂತು ನೋಡಿ. ಜಕಾರ್ತದ ಫೈನಲ್ಲಿನಲ್ಲಿ ಒಂದು ಗೋಲು ಹೊಡೆದ ಹುಡುಗ ಯಾರು ಗೊತ್ತೇ? ಮೇಲೆ ಹೇಳಿದೆನಲ್ಲ, ಅದೇ ಪಿ.ಕೆ. ಬ್ಯಾನರ್ಜಿ. ರಹೀಂ ಅವರ ಗರಡಿಯಲ್ಲಿ ಬೆಳೆದು, ಮುಂದೆ ತಾನೂ ದೊಡ್ಡ ಮೇಷ್ಟರಾದವರು.

ಆದ್ದರಿಂದ ಮೇಷ್ಟರು ಹೋಗುವುದಾದರೆ ಆ ಶಿಷ್ಯನೇ ಬಂದು ಕರೆಯಲಿ. ಬರದಿದ್ದರೆ ಇವರೇ ಕರೆಸಿ, ಕಾಫಿ ಕೊಟ್ಟು, "ನಾನು ಬರಲೇನಪ್ಪ?" ಎಂದು ಕೇಳಲಿ. ಹುಡುಗನ ಮುಖ ನೀವು ಅಡುಗೆಮನೆ ಬಾಗಿಲಿನಿಂದ ನೋಡಿ, ಬಾಯಲ್ಲಿ ಹೂಂ ಅಂದರೂ ಮುಖ ನಿಜ ಹೇಳುತ್ತದೆ. ಒಪ್ಪಿದರೆ ತಂಡ ಅವನದೇ ಇರಲಿ, ಯಾರು ಆಡಬೇಕು ಯಾರು ಕೂರಬೇಕು ಎನ್ನುವುದು ಅವನದೇ ಮಾತು. ಇವರು ಪಕ್ಕದ ಕುರ್ಚಿಯಲ್ಲಿ ಕೂತು ಅವನ ಕಿವಿಗೆ ಮಾತ್ರ ಹೇಳಲಿ. ಕೂಗುವ ಕೆಲಸ ಅವನದಾದರೆ ಎದೆಗೂ ಕ್ಷೇಮ. ಹಿತ್ತಾಳೆ ವಿಷಲ್ ಬೇಕಾದರೆ ಇವರ ಕೊರಳಲ್ಲೇ ಇರಲಿ ಬಿಡಿ, ಊದದಿದ್ದರಾಯಿತು.

ನಿಮ್ಮ ಕಾಗದದಲ್ಲಿ ನಗು ತರಿಸಿದ ಸಾಲೂ ಒಂದಿತ್ತು: "ಬಸ್ಸಿನಲ್ಲಿ ನನಗೆ ಪುಕ್ಕಟೆ, ಅವರಿಗೆ ಟಿಕೇಟು." ೨೦೨೩ರ ಜೂನಿನಿಂದ ನಮಗೆ ಈ ಸವಲತ್ತು ಇದೆಯಲ್ಲ, ಉಪಯೋಗಿಸಿಕೊಳ್ಳಿ. ಮನೆಯಲ್ಲಿ ಜೀವ ಕೈಲಿ ಹಿಡಿದು ಕೂರುವ ಬದಲು ಮೊದಲನೆಯ ದಿನ ನೀವೂ ಯಳಂದೂರಿನಲ್ಲಿ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಹೋಗಿ. ಒಂದು ತಂಬಿಗೆ ರಾಗಿ ಅಂಬಲಿ, ಮಜ್ಜಿಗೆ ಬೆರೆಸಿ, ಉಪ್ಪು ಕಡಿಮೆ ಹಾಕಿ, ಈರುಳ್ಳಿ ಹೆಚ್ಚಿ ಉದುರಿಸಿಕೊಂಡು ಹೋದರೆ ಮೇಷ್ಟರಿಗೂ ಆಯಿತು, ಶಿಷ್ಯನಿಗೂ ಆಯಿತು. ಡಾಕ್ಟರು ಏನಂದರು, ಹುಡುಗ ಏನಂದ, ನನಗೆ ಬರೆದು ತಿಳಿಸಿ. ಈ ಸಲ ಎರಡು ಪುಟ ಸಾಕು, ಹಾಲು ಉಕ್ಕುತ್ತದೆ.