ಇ-ಸಹಿ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ: ಬಾಗಲಕೋಟೆ ಜಿಲ್ಲೆಯ ಕುಟುಂಬಗಳ ಮುಂದಿರುವ ಪ್ರಶ್ನೆ

ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿ ಮುಳುಗಡೆಯಾಗುವ ಜಮೀನಿಗೆ ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ದರ ನಿಗದಿ ಮಾಡಿತು. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣ ಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಿದರೆ 75 ಸಾವಿರ ಎಕರೆಗೂ ಹೆಚ್ಚು ಜಮೀನು ನೀರಿನಡಿ ಹೋಗುತ್ತದೆ. ಈ ದರ ಒಪ್ಪಂದದ ಐತೀರ್ಪಿನದು. ಅಂದರೆ ಜಮೀನಿನಲ್ಲಿ ಹಕ್ಕುಳ್ಳವರು ಲಿಖಿತವಾಗಿ ಒಪ್ಪಬೇಕು, ಸಹಿ ಹಾಕಬೇಕು.

ತೊಡಕು ಶುರುವಾಗುವುದು ಈ ಸಹಿಯಲ್ಲಿ. ಹಳೆ ಬಾಗಲಕೋಟೆಯ ಬಹುಭಾಗ ಮುಳುಗಿ ನವನಗರ ಎದ್ದ ದಿನಗಳಿಂದಲೂ ಈ ಭಾಗದ ಮನೆತನಗಳು ಚದುರಿವೆ. ಉತಾರದಲ್ಲಿ ಇನ್ನೂ ಅಜ್ಜನ ಹೆಸರಿರುತ್ತದೆ. ಒಬ್ಬ ಮಗ ಊರಲ್ಲಿ ಅಂಗಡಿ ನೋಡಿಕೊಂಡಿದ್ದರೆ, ಇನ್ನೊಬ್ಬ ಪುಣೆಯಲ್ಲಿ, ಮಗಳು ಸಾಂಗ್ಲಿಯಲ್ಲಿ, ಮೊಮ್ಮಗ ಅಮೆರಿಕದಲ್ಲಿ. ‘ಮೊಬೈಲಿನಲ್ಲೇ ಇ-ಸಹಿ ಹಾಕಿ ಕಳಿಸಿದರೆ ಆಗದೇ?’ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಕೆಲವು ಕಾಗದಗಳಿಗೆ ಆಗುತ್ತದೆ. ಆದರೆ ಇಂಥ ಸಂದರ್ಭದಲ್ಲಿ ಮನೆಯವರಿಗೆ ಹೆಚ್ಚು ಬೇಕಾಗುವ ಕಾಗದಗಳಿಗೇ ಅದು ಆಗುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಮುಂದುವರಿದರೆ ಹಣ ತಡವಾಗುವುದಷ್ಟೇ ಅಲ್ಲ, ಅಣ್ಣ-ತಂಗಿಯರ ನಡುವೆ ದಾವೆಯೇ ಹುಟ್ಟಬಹುದು.

ಮೊದಲು ಇ-ಸಹಿ ಎಂದರೆ ಏನೆಂದು ನೋಡಬೇಕು. ಬಿಳಿ ಹಾಳೆಯ ಮೇಲೆ ಸಹಿ ಹಾಕಿ, ಫೋಟೊ ತೆಗೆದು, ಪಿಡಿಎಫ್‌ನಲ್ಲಿ ಅಂಟಿಸಿದ್ದು ಕಾನೂನಿನ ಅರ್ಥದಲ್ಲಿ ಡಿಜಿಟಲ್ ಸಹಿಯಲ್ಲ. ಅದು ಬರೀ ಚಿತ್ರ. ನಿಜವಾದ ಡಿಜಿಟಲ್ ಸಹಿಯಲ್ಲಿ ಗಣಕಯಂತ್ರ ಇಡೀ ದಾಖಲೆಯನ್ನು ಲೆಕ್ಕಹಾಕಿ ಒಂದು ಚಿಕ್ಕ ಸಂಕೇತ ತೆಗೆಯುತ್ತದೆ. ಇದಕ್ಕೆ ಹ್ಯಾಶ್ ಎನ್ನುತ್ತಾರೆ. ದಾಖಲೆಯಲ್ಲಿ ಒಂದು ಸೊನ್ನೆ ಹೆಚ್ಚಾದರೂ ಈ ಸಂಕೇತ ಪೂರ್ತಿ ಬೇರೆಯಾಗುತ್ತದೆ. ಸಹಿ ಮಾಡುವವರ ಬಳಿ ಮಾತ್ರ ಇರುವ ಗುಪ್ತ ಕೀಲಿಯಿಂದ ಆ ಸಂಕೇತಕ್ಕೆ ಬೀಗ ಹಾಕಲಾಗುತ್ತದೆ. ಅದರ ಜೋಡಿಯಾದ ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ಪರೀಕ್ಷಿಸಬಹುದು. ಆ ಬಹಿರಂಗ ಕೀಲಿ ಇಂಥವರದೇ ಎಂದು ಪ್ರಮಾಣೀಕರಿಸುವ ಸಂಸ್ಥೆಗಳಿಗೆ ಕೇಂದ್ರ ಸರ್ಕಾರದ ನಿಯಂತ್ರಕರು ಪರವಾನಗಿ ಕೊಡುತ್ತಾರೆ.

ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಮೇಗುತಿ ಬಸದಿಯ ಶಾಸನ ಕಂಡವರಿಗೆ ಈ ತತ್ವ ಹೊಸದೆನಿಸದು. 634ರ ಆ ಶಾಸನದಲ್ಲಿ, ಬಸದಿ ಕಟ್ಟಿಸಿದ್ದೂ ಪದ್ಯ ರಚಿಸಿದ್ದೂ ರವಿಕೀರ್ತಿ ಎಂಬುದು ಶಾಸನದ ಒಳಗೇ ಇದೆ. ಕಲ್ಲಿನ ಅಕ್ಷರ ತಿದ್ದಿದರೆ ಗಾಯ ಉಳಿಯುತ್ತದೆ. ಯಾರು ಹೇಳಿದ್ದು, ಹೇಳಿದ ಮೇಲೆ ಯಾರಾದರೂ ತಿದ್ದಿದರೇ ಎಂಬ ಎರಡು ಪ್ರಶ್ನೆಗಳಿಗೇ ಡಿಜಿಟಲ್ ಸಹಿಯೂ ಉತ್ತರ ಕೊಡುತ್ತದೆ.

ಬಳಕೆಯಲ್ಲಿರುವುದು ಎರಡು ಬಗೆ. ಒಂದು, ಯುಎಸ್‌ಬಿ ಟೋಕನ್‌ನಲ್ಲಿ ಬರುವ ಡಿಜಿಟಲ್ ಸಹಿ ಪ್ರಮಾಣಪತ್ರ. ವ್ಯಾಪಾರಸ್ಥರು, ಕಂಪನಿಗಳ ನಿರ್ದೇಶಕರು, ಲೆಕ್ಕಪರಿಶೋಧಕರು ಇಟ್ಟುಕೊಳ್ಳುವಂಥದ್ದು. ಇದರ ಅವಧಿ ಹೆಚ್ಚೆಂದರೆ ಮೂರು ವರ್ಷ. ಇನ್ನೊಂದು, ಆಧಾರ್ ಆಧಾರಿತ ಇ-ಸಹಿ. 2015ರ ನಿಯಮಗಳಿಂದ ಬಂದದ್ದು. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬಂದ ಓಟಿಪಿ ಕೊಟ್ಟ ಕೂಡಲೇ ಆ ಒಂದು ಸಹಿಗಾಗಿಯೇ ಕೀಲಿ ಹುಟ್ಟುತ್ತದೆ, ಸಹಿ ಬೀಳುತ್ತದೆ, ಕೀಲಿ ನಾಶವಾಗುತ್ತದೆ. ಅದರ ಪ್ರಮಾಣಪತ್ರದ ಆಯುಷ್ಯ ಅರ್ಧ ಗಂಟೆ ಮಾತ್ರ. ಆದರೆ ಆ ಅರ್ಧ ಗಂಟೆಯೊಳಗೆ ಬಿದ್ದ ಸಹಿ ಮುಂದೆಯೂ ನಿಲ್ಲುತ್ತದೆ.

ಇದಕ್ಕೆಲ್ಲ ಬುನಾದಿ 2000ದ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯ್ದೆ. ಕಾಗದದ ಮೇಲಿನ ಸಹಿಗೆ ಇರುವ ಮಾನ್ಯತೆಯನ್ನು ಅದರ 5ನೇ ಕಲಮು ಇ-ಸಹಿಗೂ ಕೊಡುತ್ತದೆ. ವಿದ್ಯುನ್ಮಾನ ವಿಧಾನದಲ್ಲಿ ಆಯಿತೆಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗದು ಎನ್ನುತ್ತದೆ 10ಎ ಕಲಮು. ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರು ಸೊಲ್ಲಾಪುರದ ಅಂಗಡಿಗೆ ವಾಟ್ಸಾಪ್‌ನಲ್ಲಿ ದರ, ಸಂಖ್ಯೆ, ದಿನ ಬರೆದು ಕಳಿಸಿ, ಆ ಕಡೆಯಿಂದ ‘ಒಪ್ಪಿದೆ, ಕಳಿಸಿರಿ’ ಎಂದು ಬಂದರೆ ಅದೂ ಕರಾರೇ. ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯುಮಿನಿಯಂ ನಡುವಿನ ಪ್ರಕರಣದಲ್ಲಿ, ಇ-ಮೇಲ್ ಮೂಲಕ ಆದ ಒಪ್ಪಿಗೆ ಕರಾರಾಗುತ್ತದೆ, ಔಪಚಾರಿಕ ಪತ್ರಕ್ಕೆ ಸಹಿ ಬಿದ್ದಿಲ್ಲ ಎಂಬುದು ಅದಕ್ಕೆ ಅಡ್ಡಿಯಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ.

ಆದರೆ ಇದೇ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಕೆಲವು ದಾಖಲೆಗಳನ್ನು ಹೊರಗಿಡಲಾಗಿದೆ. ಪವರ್ ಆಫ್ ಅಟಾರ್ನಿ, ಅಂದರೆ ಮುಖ್ತಿಯಾರ್ ಪತ್ರ. ಮೃತ್ಯುಪತ್ರ. ಟ್ರಸ್ಟ್. ಚೆಕ್ ಬಿಟ್ಟು ಉಳಿದ ಪ್ರಾಮಿಸರಿ ನೋಟು, ಹುಂಡಿ ಮುಂತಾದ ಪತ್ರಗಳು. ಸ್ಥಿರಾಸ್ತಿ ಮಾರಾಟದ ಕರಾರೂ ಈ ಪಟ್ಟಿಯಲ್ಲಿತ್ತು. 2022ರ ಸೆಪ್ಟೆಂಬರ್ 26ರ ಅಧಿಸೂಚನೆ ಅದನ್ನು ತೆಗೆದುಹಾಕಿತು. ಅದೇ ಅಧಿಸೂಚನೆ, ರಿಸರ್ವ್ ಬ್ಯಾಂಕ್, ಸೆಬಿಯಂಥ ನಿಯಂತ್ರಕರ ಅಡಿಯಲ್ಲಿರುವ ಸಂಸ್ಥೆಗಳ ಹೆಸರಿಗೆ ಬರೆದುಕೊಡುವ ಬೇಡಿಕೆ ನೋಟು ಮತ್ತು ಮುಖ್ತಿಯಾರ್ ಪತ್ರಕ್ಕೆ ಇ-ಸಹಿಯ ದಾರಿ ತೆರೆಯಿತು. ಬ್ಯಾಂಕುಗಳ ಅನುಕೂಲಕ್ಕೆ ಮಾಡಿದ ತಿದ್ದುಪಡಿ ಇದು. ಮನೆಯವರ ನಡುವಿನ ಕಾಗದಕ್ಕೆ ಇದರಿಂದ ಏನೂ ಸಿಗಲಿಲ್ಲ.

ಪುಣೆಯ ತಮ್ಮ ಬಾಗಲಕೋಟೆಯ ಅಣ್ಣನಿಗೆ ‘ನನ್ನ ಪರವಾಗಿ ನೀನೇ ಸಹಿ ಹಾಕು’ ಎಂದು ಅಧಿಕಾರ ಕೊಡುವುದಿದ್ದರೆ, ಅದನ್ನು ಆಧಾರ್ ಓಟಿಪಿಯಿಂದ ಕೊಡಲಾಗದು. ಆ ಅಧಿಕಾರದಿಂದ ನೋಂದಣಿಗೆ ದಸ್ತಾವೇಜು ಹಾಜರುಪಡಿಸಬೇಕಾದರೆ ನಿಯಮ ಇನ್ನೂ ಬಿಗಿ. 1908ರ ನೋಂದಣಿ ಕಾಯ್ದೆಯ 33ನೇ ಕಲಮಿನಂತೆ ತಮ್ಮ ತಾನಿರುವ ಊರಿನ ಸಬ್ ರಜಿಸ್ಟ್ರಾರ್ ಎದುರಿಗೇ ಪತ್ರ ಬರೆದು ದೃಢೀಕರಿಸಬೇಕು. ಪರದೇಶದಲ್ಲಿರುವ ಮೊಮ್ಮಗನಾದರೆ ಅಲ್ಲಿನ ನೋಟರಿ ಅಥವಾ ಭಾರತದ ದೂತಾವಾಸದ ಅಧಿಕಾರಿಯ ಎದುರು. ಪತ್ರ ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿಯ ಮುದ್ರಾಂಕ ಶುಲ್ಕ ತುಂಬಬೇಕು. ಈ ಮೂರು ತಿಂಗಳ ಮಾತು ಮರೆತುಹೋಗುವಂಥದ್ದು. ಪತ್ರ ಬಂದ ದಿನವನ್ನು ತೋರಿಸುವ ಕೊರಿಯರ್ ಲಕೋಟೆಯನ್ನು ಎತ್ತಿಡುವುದು ಒಳ್ಳೆಯದು.

ಇನ್ನು ಹೆಣ್ಣುಮಕ್ಕಳ ಸಹಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ತಂದೆ ಆ ದಿನಾಂಕಕ್ಕೆ ಜೀವಂತ ಇರಬೇಕಾಗಿಲ್ಲ ಎಂದು 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ವಾಟ್ನಿ ಆಗಿದ್ದರೆ ಅದಕ್ಕೆ ಧಕ್ಕೆಯಿಲ್ಲ. ಇಲ್ಲವಾದರೆ ಮದುವೆಯಾಗಿ ಹೋದ ಅಕ್ಕತಂಗಿಯರೂ ಪರಿಹಾರದ ಹಕ್ಕುದಾರರೇ. ‘ನಮಗೆ ಬೇಡ, ಅಣ್ಣನಿಗೇ ಇರಲಿ’ ಎಂದು ಅವರು ಮನಸಾರೆ ಹೇಳಿದರೂ ಜಮೀನಿನ ಮೇಲಿನ ಹಕ್ಕು ಬಿಟ್ಟುಕೊಡುವ ಪತ್ರ ನೋಂದಣಿಯಾಗಬೇಕು. ವಾಟ್ಸಾಪ್‌ನಲ್ಲಿ ಬಂದ ‘ಸಮ್ಮತಿ’ಯಾಗಲಿ, ಇ-ಸಹಿ ಬಿದ್ದ ಪಿಡಿಎಫ್ ಆಗಲಿ ಹಕ್ಕು ಬಿಡುಗಡೆ ಪತ್ರದ ಜಾಗ ತುಂಬುವುದಿಲ್ಲ.

ಕಚೇರಿಗಳ ವಿಷಯದಲ್ಲಿ ಇನ್ನೊಂದು ಮಾತು ನೆನಪಿಡಬೇಕು. ಕಾಯ್ದೆಯ 9ನೇ ಕಲಮು ಹೇಳುವುದು ನೇರವಾಗಿದೆ: ಯಾವುದೇ ಸರ್ಕಾರಿ ಇಲಾಖೆ ದಾಖಲೆಯನ್ನು ವಿದ್ಯುನ್ಮಾನ ರೂಪದಲ್ಲೇ ಸ್ವೀಕರಿಸಬೇಕು ಎಂದು ಒತ್ತಾಯಿಸುವ ಹಕ್ಕು ಯಾರಿಗೂ ಬರುವುದಿಲ್ಲ. ಇ-ಸಹಿ ಕಾನೂನುಬದ್ಧ ಎಂದು ಮೇಜಿನ ಮುಂದೆ ನಿಂತು ವಾದಿಸಿದರೂ, ‘ನಮ್ಮಲ್ಲಿ ಆ ವ್ಯವಸ್ಥೆ ಇಲ್ಲ’ ಎಂದು ಅಧಿಕಾರಿ ಹೇಳಿದರೆ ಅದೂ ಕಾನೂನುಬದ್ಧವೇ. ಭೂಸ್ವಾಧೀನ ಕಚೇರಿಗೆ ಹೋಗುವ ಮೊದಲು ಅಲ್ಲಿ ಯಾವ ರೂಪದ ಒಪ್ಪಿಗೆ ಪತ್ರ ತೆಗೆದುಕೊಳ್ಳುತ್ತಾರೆ ಎಂದು ಕೇಳಿಕೊಂಡರೆ ಓಡಾಟ ತಪ್ಪುತ್ತದೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಮನೆಯ ಹಿರಿಯರ ಓಟಿಪಿ. ಬಹಳಷ್ಟು ಮನೆಗಳಲ್ಲಿ ಅವ್ವನ ಆಧಾರ್‌ಗೆ ಜೋಡಿಸಿರುವುದು ಮಗನ ಮೊಬೈಲ್ ನಂಬರು. ಪಡಿತರಕ್ಕೆ, ಪಿಂಚಣಿಗೆ ಅನುಕೂಲವೆಂದು ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಏರ್ಪಾಡು. ಆದರೆ ಇ-ಸಹಿಯ ಲೋಕದಲ್ಲಿ ಆ ಆರು ಅಂಕಿಗಳು ಅವ್ವನ ಹೆಬ್ಬೆಟ್ಟು. ಅವರು ದಾಖಲೆ ಓದದೆ, ಕೇಳದೆ ಇದ್ದಾಗಲೂ ಅವರ ಹೆಸರಿನಲ್ಲಿ ಸಹಿ ಬೀಳುತ್ತದೆ. ಇನ್ನೊಬ್ಬರ ಇ-ಸಹಿಯನ್ನು ಮೋಸದಿಂದ ಬಳಸುವುದು 66ಸಿ ಕಲಮಿನಡಿ ಅಪರಾಧ. ಮೂರು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಮೋಸದ ಉದ್ದೇಶ ಇಲ್ಲದಿದ್ದರೂ ತೊಂದರೆ ತಪ್ಪದು. ಸಹಿ ಹಾಕುವ ಗಳಿಗೆಯಲ್ಲಿ ಸಹಿಯ ಸಾಧನ ಸಹಿ ಮಾಡುವವರ ಹಿಡಿತದಲ್ಲಿ ಮಾತ್ರ ಇದ್ದರೆ ಅದು ಸುರಕ್ಷಿತ ಸಹಿ ಎನ್ನುತ್ತದೆ 15ನೇ ಕಲಮು. ನ್ಯಾಯಾಲಯ ತಾನಾಗಿ ನಂಬಿ ನಡೆಯುವುದು ಅಂಥ ಸಹಿಯನ್ನು. ಓಟಿಪಿ ಬಂದದ್ದು ಮಗನ ಫೋನಿಗೆ ಎಂದಾದರೆ ಆ ನಂಬಿಕೆಯ ತಳವೇ ಅಲುಗುತ್ತದೆ. ನಾಳೆ ಇನ್ನೊಬ್ಬ ಮಗ ತಕರಾರು ತೆಗೆದರೆ ಮೊದಲು ಬೀಳುವುದು ಅದೇ ಸಹಿ. ಆಧಾರ್ ಕೇಂದ್ರದಲ್ಲಿ ಅವ್ವನದೇ ನಂಬರು ಜೋಡಿಸಿಕೊಳ್ಳುವುದು ಅರ್ಧ ದಿನದ ಕೆಲಸ.

ಇದೇ ಮಾತು ವ್ಯಾಪಾರಸ್ಥರ ಟೋಕನ್‌ಗೂ. ಇಳಕಲ್ಲಿನ ಸೀರೆ, ಗ್ರಾನೈಟ್ ವ್ಯವಹಾರವಿರಲಿ, ಬಾದಾಮಿಯ ಕಿರಾಣಿ ಅಂಗಡಿಯಿರಲಿ, ಜಿಎಸ್‌ಟಿ ಮತ್ತು ಆದಾಯ ತೆರಿಗೆಯ ಕೆಲಸ ಸಲಹೆಗಾರರ ಕೈಯಲ್ಲಿರುತ್ತದೆ. ಟೋಕನ್ನೂ ಪಿನ್ ನಂಬರೂ ಅವರ ಮೇಜಿನ ಡ್ರಾಯರ್‌ನಲ್ಲೇ ಉಳಿಯುವುದುಂಟು. ಸಹಿ ಹಾಕಿದ ಚೆಕ್‌ಬುಕ್ಕನ್ನು ಯಾರೂ ಹಾಗೆ ಬಿಡುವುದಿಲ್ಲ. ಗುಪ್ತ ಕೀಲಿಯನ್ನು ಜೋಪಾನ ಮಾಡುವ ಹೊಣೆ ಪ್ರಮಾಣಪತ್ರ ಪಡೆದವರದೇ ಎಂದು 42ನೇ ಕಲಮು ಹೇಳುತ್ತದೆ. ಒಬ್ಬರೇ ಮಾಲೀಕರಿರುವ ಅಂಗಡಿ, ಪಾಲುದಾರಿಕೆ ಸಂಸ್ಥೆಗಳಿಗೆ ಜಿಎಸ್‌ಟಿಯಲ್ಲಿ ಓಟಿಪಿ ಸಾಕು, ಟೋಕನ್ನೇ ಬೇಕೆಂದಿಲ್ಲ. ಕಂಪನಿಗಳಿಗೆ, ಎಲ್‌ಎಲ್‌ಪಿಗಳಿಗೆ ಬೇಕು.

ಸಮಾಜದ ವರ್ತಕರ ನಡುವೆ ಕೈಗಡದ ವ್ಯವಹಾರ ಹಳೆಯದು. ನಂಟರಿಗೆ, ಪರಿಚಯಸ್ಥರಿಗೆ ಕೊಟ್ಟ ಸಾಲಕ್ಕೆ ಪ್ರಾಮಿಸರಿ ನೋಟು ಬರೆಸುವುದಿದ್ದರೆ ಅದು ಕಾಗದದ ಮೇಲೆ, ರೆವಿನ್ಯೂ ಸ್ಟ್ಯಾಂಪ್ ಹಚ್ಚಿ, ಪೆನ್ನಿನ ಸಹಿಯಿಂದಲೇ ಆಗಬೇಕು. ಖಾಸಗಿ ವ್ಯಕ್ತಿಗೆ ಬರೆದ ಇ-ನೋಟು 2022ರ ವಿನಾಯಿತಿಯಲ್ಲಿ ಬರುವುದಿಲ್ಲ.

ಬಸದಿ, ಪಾಠಶಾಲೆ, ವಿದ್ಯಾರ್ಥಿನಿಲಯಗಳಿಗಾಗಿ ಟ್ರಸ್ಟ್ ಮಾಡುವವರಿಗೂ ಹೀಗೆಯೇ. ಟ್ರಸ್ಟ್ ಪತ್ರಕ್ಕೆ ಪೆನ್ನಿನ ಸಹಿ. ಅದಾದ ಮೇಲೆ ಆದಾಯ ತೆರಿಗೆ ವಿನಾಯಿತಿಯ ಅರ್ಜಿ, ವರ್ಷವರ್ಷದ ವಿವರಪಟ್ಟಿಗೆ ಡಿಜಿಟಲ್ ಸಹಿ ಅಥವಾ ಓಟಿಪಿ. ಮೃತ್ಯುಪತ್ರಕ್ಕಂತೂ ಬರೆದವರ ಸಹಿಯ ಜೊತೆಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಮುಂದೆ ಒಳ್ಳೆಯದು. ವಿಡಿಯೊ ಮಾಡಿ ಮೊಬೈಲಿನಲ್ಲಿಟ್ಟ ಮಾತು ಮೃತ್ಯುಪತ್ರವಾಗದು.

ಇ-ಸಹಿ ನಿಜಕ್ಕೂ ಹಗುರ ಮಾಡಿದ ಕೆಲಸಗಳೂ ಇವೆ. ನಾಡಕಚೇರಿಯಿಂದ ಬರುವ ಜಾತಿ, ಆದಾಯ ಪ್ರಮಾಣಪತ್ರಗಳು ಈಗ ಅಧಿಕಾರಿಯ ಡಿಜಿಟಲ್ ಸಹಿಯೊಂದಿಗೆ ಬರುತ್ತವೆ. ದಿಗಂಬರ ಜೈನರ ಪ್ರವರ್ಗ 3ಬಿ ಪ್ರಮಾಣಪತ್ರವೂ ಹಾಗೆಯೇ. ಕೇಂದ್ರವು 2014ರ ಜನವರಿ 27ರಂದು ಜೈನರನ್ನು ರಾಷ್ಟ್ರೀಯ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿದ ಮೇಲೆ ವಿದ್ಯಾರ್ಥಿವೇತನದ ಅರ್ಜಿಗಳಿಗೆ ಇಂಥ ಕಾಗದಗಳು ಪದೇ ಪದೇ ಬೇಕಾಗುತ್ತವೆ. ಸಹಿ ಇರುವುದು ಪಿಡಿಎಫ್ ಕಡತದಲ್ಲಿ. ಪ್ರಿಂಟ್ ತೆಗೆದ ಹಾಳೆಯಲ್ಲಿ ಅದರ ನೆರಳು ಮಾತ್ರ. ಕಾಲೇಜಿನವರು ಹಾಳೆ ನಂಬದಿದ್ದರೆ ಅದರಲ್ಲಿರುವ ಆರ್‌ಡಿ ಸಂಖ್ಯೆಯನ್ನು ಜಾಲತಾಣದಲ್ಲಿ ಹಾಕಿ ನೋಡಲು ಹೇಳಬೇಕು. ಪಿಡಿಎಫ್ ತೆರೆದಾಗ ಸಹಿಯ ಮೇಲೆ ಹಳದಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಗಾಬರಿ ಬೇಡ. ಸಾಮಾನ್ಯವಾಗಿ ಅದರರ್ಥ, ಭಾರತದ ನಿಯಂತ್ರಕರ ಮೂಲ ಪ್ರಮಾಣಪತ್ರವನ್ನು ಆ ಗಣಕಯಂತ್ರ ಇನ್ನೂ ಗುರುತಿಸಿಲ್ಲ ಎಂದಷ್ಟೇ. ಸಹಿ ಹಾಕಿದ ಮೇಲೆ ದಾಖಲೆ ಬದಲಾಗಿದೆ ಎಂಬ ಸೂಚನೆ ಬಂದರೆ ಮಾತ್ರ ಎಚ್ಚರ.

ವ್ಯಾಜ್ಯ ಕೋರ್ಟಿಗೆ ಹೋದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ ಅನ್ವಯಿಸುತ್ತದೆ. ಅದರ 63ನೇ ಕಲಮಿನಂತೆ ವಿದ್ಯುನ್ಮಾನ ದಾಖಲೆಯ ಪ್ರತಿಯ ಜೊತೆ ಎರಡು ಭಾಗದ ಪ್ರಮಾಣಪತ್ರ ಕೊಡಬೇಕು. ಒಂದು ಭಾಗ ದಾಖಲೆ ಹಾಜರುಪಡಿಸುವವರದು, ಇನ್ನೊಂದು ತಜ್ಞರದು. ಎರಡರಲ್ಲೂ ಹ್ಯಾಶ್ ಸಂಕೇತ ಬರೆಯಬೇಕು. ಇಂಥ ಪ್ರಮಾಣಪತ್ರ ಕಡ್ಡಾಯ ಎಂದು ಹಳೆಯ ಸಾಕ್ಷ್ಯ ಕಾಯ್ದೆಯ ಕಾಲದಲ್ಲೇ, 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಸ್ಕ್ರೀನ್‌ಶಾಟ್ ಪ್ರಿಂಟ್ ಹಿಡಿದು ವಕೀಲರ ಬಳಿ ಹೋದವರನ್ನು ಅವರು ಮೊದಲು ಕೇಳುವುದು ಆ ಸಂದೇಶ ಬಂದ ಫೋನು ಎಲ್ಲಿದೆ ಎಂದು. ಹಳೆ ಫೋನು ಮಾರುವ ಮೊದಲು, ಬಾಕಿ ಲೆಕ್ಕ, ಸಾಲ, ಆಸ್ತಿಯ ಮಾತುಕತೆ ಅದರಲ್ಲಿದ್ದರೆ ಆ ಫೋನನ್ನೇ ಎತ್ತಿಡಬೇಕು, ಇ-ಸಹಿ ಬಿದ್ದ ಪಿಡಿಎಫ್‌ನ ಮೂಲ ಕಡತವನ್ನೂ ಹೆಸರು ಬದಲಿಸದೆ, ಮತ್ತೆ ಸ್ಕ್ಯಾನ್ ಮಾಡದೆ, ಎರಡು ಕಡೆ ಉಳಿಸಿಕೊಳ್ಳಬೇಕು.