ಗುತ್ತಿಗೆಯ ಪತ್ರ ಓದುವ ಮೊದಲು



ಈಚೆಗೆ ಮಧುಗಿರಿಯ ಬಂಧುಗಳೊಬ್ಬರ ಮನೆಗೆ ಪ್ರಸಾದಕ್ಕೆ ಹೋಗಿದ್ದೆವು. ಆ ಮನೆಯ ಮಗನಿಗೆ ಕಾರ್ಖಾನೆಯೊಂದರಲ್ಲಿ ಕೆಲಸ ದೊರೆತಿತ್ತು. ನೇಮಕದ ಪತ್ರಕ್ಕೆ ವಿಭೂತಿ ಹಚ್ಚಿ ದೇವರ ಜಗಲಿಯ ಮೇಲಿಟ್ಟಿದ್ದರು. ತಾಯಿ ಅದನ್ನು ನಮ್ಮ ಕೈಗಿತ್ತು, "ಇದರಲ್ಲಿ ಏನು ಬರೆದವರೆ, ಒಸಿ ಓದಿ ಹೇಳ್ರಣ್ಣ" ಎಂದರು.

ಪತ್ರದ ತುಂಬ ಫಿಕ್ಸೆಡ್ ಟರ್ಮ್, ಸಿ.ಟಿ.ಸಿ., ನೋಟಿಸ್ ಪೀರಿಯಡ್ ಎಂಬ ಮಾತುಗಳು. ಸಹಿ ಹಾಕಿ ಬಂದಿದ್ದ ಮಗನಿಗೂ ಅರ್ಥ ತಿಳಿಯದು. ವರ್ಷಕ್ಕೆ ಎರಡೂವರೆ ಲಕ್ಷವೆಂಬ ಅಂಕಿಯನ್ನು ನಂಬಿ, ಮಗಳ ಮದುವೆಗೆಂದು ತಂದೆ ಸಾಲದ ಮಾತನಾಡಿ ಬಂದಿದ್ದರು. ಕೆಲಸವಿದ್ದದ್ದು ಒಂದೇ ವರ್ಷದ ಅವಧಿಗೆ. ಅದನ್ನು ಹೇಳುವಾಗ ನಮ್ಮ ನಾಲಿಗೆಯೂ ತಡವರಿಸಿತು.

ದುಡಿಮೆಯ ಕರಾರು ನಮ್ಮವರಿಗೆ ಹೊಸದಲ್ಲ. ಸಿರಾ, ಕೊರಟಗೆರೆಯ ಹಳ್ಳಿಗಳಲ್ಲಿ ಮುಯ್ಯಾಳು, ಕೂಲಿ, ವಾರ ಎಂದರೆ ಯಾರು ಯಾರಿಗೆ ಏನು ಕೊಡಬೇಕೆಂಬುದು ಮಕ್ಕಳಿಗೂ ತಿಳಿದಿತ್ತು. 1976ರ ಕಾಯಿದೆ ರದ್ದುಗೊಳಿಸಿದ ಜೀತವೂ ಕ್ರೂರವಾಗಿತ್ತೇ ಹೊರತು ಆ ಮಾತಿನ ಅರ್ಥ ಯಾರಿಗೂ ಮರೆಯಾಗಿರಲಿಲ್ಲ.

ಪಾವಗಡದ ತಿರುಮಣಿ, ವಳ್ಳೂರು ಸುತ್ತಿನ ರೈತರನ್ನು ನೋಡಿರಿ. 2050 ಮೆಗಾವ್ಯಾಟ್ ಸೌರ ವಿದ್ಯುತ್ ಉದ್ಯಾನಕ್ಕೆ ಸುಮಾರು 13,000 ಎಕರೆ ಭೂಮಿಯನ್ನು ಅವರು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭ, 28 ವರ್ಷದ ಅವಧಿ ಎಂಬುದು ಅಲ್ಲಿ ಮನೆಮಾತು. ಹೊಲದ ಗುತ್ತಿಗೆಗೆ ಹಣವೆಷ್ಟು, ಕೊಡುವವರು ಯಾರು, ಎಲ್ಲಿಯವರೆಗೆ ಎಂದು ಕೇಳುವ ನಾವು, ಮಗನ ದುಡಿಮೆಯ ಗುತ್ತಿಗೆಗೆ ಏಕೆ ಕೇಳುವುದಿಲ್ಲ?

ಮನೆಮಂದಿ ತಿಳಿದಿರಬೇಕಾದ ಕೆಲವು ಮಾತುಗಳಿವು. ಪ್ರೊಬೇಷನ್ ಎಂದರೆ ಪರೀಕ್ಷೆಯ ಕಾಲ. ಅದು ಮುಗಿದು ಕಾಯಂ ಆದ ಪತ್ರ ಬಂದಿತೇ ಎಂದು ನೋಡಬೇಕು. ಫಿಕ್ಸೆಡ್ ಟರ್ಮ್ ಕೆಲಸ ಗೊತ್ತುಪಡಿಸಿದ ದಿನಕ್ಕೆ ತಾನಾಗಿ ಮುಗಿಯುತ್ತದೆ. ಸಿ.ಟಿ.ಸಿ. ಎಂಬುದು ಕೈಗೆ ಬರುವ ಸಂಬಳವಲ್ಲ, ನೌಕರನಿಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ. ಭವಿಷ್ಯನಿಧಿಗೆ ಕಂಪನಿ ಕಟ್ಟುವ ಪಾಲನ್ನೂ ಅದರೊಳಗೇ ಎಣಿಸಿರುತ್ತಾರೆ. ಆ ನಿಧಿಗೆ ಸಾಮಾನ್ಯವಾಗಿ ನೌಕರನಿಂದ ಶೇಕಡಾ 12, ಮಾಲೀಕನಿಂದಲೂ ಅಷ್ಟೇ. ನೋಟಿಸ್ ಪೀರಿಯಡ್ ಎಂದರೆ ಕೆಲಸ ಬಿಡಲು ಮುಂಚಿತವಾಗಿ ತಿಳಿಸಬೇಕಾದ ಅವಧಿ. ಹೆಚ್ಚು ಹೊತ್ತಿನ ದುಡಿಮೆಯಾದ ಓವರ್‌ಟೈಮಿಗೆ ಕಾರ್ಖಾನೆಗಳಲ್ಲಿ ಇಮ್ಮಡಿ ಕೂಲಿ ಸಲ್ಲಬೇಕು. ಗುತ್ತಿಗೆದಾರ ಸಂಬಳ ಕೊಡದೆ ಹೋದರೆ ದುಡಿಸಿಕೊಂಡ ಮೂಲ ಮಾಲೀಕನೇ ಕೊಡಬೇಕೆಂಬುದು ಕಾನೂನು.

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಪ್ರತಿ ಕೆಲಸಗಾರನಿಗೂ ನೇಮಕದ ಪತ್ರ ಕೊಡಬೇಕೆನ್ನುತ್ತವೆ. ಕಾಯಂ ನೌಕರನಿಗೆ ಐದು ವರ್ಷಕ್ಕೆ ದೊರೆಯುವ ಗ್ರಾಚ್ಯುಯಿಟಿ ಅವಧಿಯ ನೌಕರನಿಗೆ ಒಂದು ವರ್ಷಕ್ಕೇ ಸಲ್ಲುತ್ತದೆ. ಮಧುಗಿರಿಯ ಆ ತಾಯಿಗೆ ನಾವು ಹೇಳಬಹುದಾದ ಸಮಾಧಾನ ಅದೊಂದೇ ಆಗಿತ್ತು. ತಂದೆ ಮರುದಿನವೇ ಹೋಗಿ ಸಾಲದ ಮಾತನ್ನು ಹಿಂದಕ್ಕೆ ಪಡೆದರು.

ಕಾಯಕವನ್ನು ಪೂಜೆಯೆಂದು ತಿಳಿದ ಪರಂಪರೆ ನಮ್ಮದು. ದುಡಿಯುವವನು ತನ್ನ ದುಡಿಮೆಯ ಕರಾರನ್ನು ಅರಿಯುವುದು ಆಸೆಬುರುಕತನವಲ್ಲ, ಕಾಯಕಕ್ಕೆ ಸಲ್ಲಿಸುವ ಗೌರವ. ಮಕ್ಕಳ ನೇಮಕದ ಪತ್ರಕ್ಕೆ ವಿಭೂತಿ ಹಚ್ಚೋಣ. ಆದರೆ ಸಹಿಗೆ ಮೊದಲು ಮನೆಯವರೆಲ್ಲ ಕುಳಿತು ಓದೋಣ. ತಿಳಿಯದ ಮಾತನ್ನು ತಿಳಿದವರಲ್ಲಿ ಕೇಳಲು ಸಂಕೋಚ ಬೇಡ.